ವ್ಯಾನಲ್ಲಿ ಬೇಯಿಸಿದ್ರೆ ವೈಬ್, ಬಸ್ ಪಕ್ಕ ಬೇಯಿಸಿದ್ರೆ ನಾಚಿಕೆನಾ?

1/10
ನಮ್ಮ ಕ್ಲಾಸ್ ಗ್ರೂಪಲ್ಲಿ ಎರಡು ವಾರದಿಂದ ನಡೀತಿರೋ ಜಗಳನ ಇಲ್ಲಿಗೆ ತಂದಿದ್ದೀನಿ. ಗ್ರೂಪಲ್ಲಿ ನಾಲ್ಕು ಸಾಲು ಬರೆಯೋಷ್ಟರಲ್ಲಿ ಮೇಲೆ ಮೂರು ಸ್ಟಿಕರ್ ಬಿದ್ದಿರುತ್ತೆ, ಯಾರೂ ಓದಲ್ಲ. ಇಲ್ಲಿ ಹತ್ತು ಪೋಸ್ಟ್ ಇದೆ. ಅಷ್ಟು ತಾಳ್ಮೆ ಇಲ್ದೋರು ಸೀದಾ 7ಕ್ಕೆ ಹೋಗಿ, ಅಲ್ಲಿ ಲೆಕ್ಕ ಇದೆ. ಆಮೇಲೆ ಬೈಯಿರಿ.

ವಿಷಯ ಇಷ್ಟೇ. ಫೈನಲ್ ಇಯರ್ ಟೂರ್. ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು. ಐದು ದಿನ. ಟ್ರಾವೆಲ್ಸ್‌ನವರು ಊಟ ಸೇರಿ ತಲೆಗೆ 6,800 ಅಂದ್ರು, ಊಟ ಬಿಟ್ಟು 4,300. ಅಂದ್ರೆ ಬರೀ ಊಟಕ್ಕೆ 2,500 ರೂಪಾಯಿ. ನಾನೂ ಇನ್ನು ಮೂರು ಜನನೂ ಹೇಳಿದ್ದು: ಅಡುಗೆಯವರನ್ನ ಕರ್ಕೊಂಡು ಹೋಗೋಣ, ದಿನಸಿ ಇಲ್ಲಿಂದ ತಗೊಳೋಣ, ತರಕಾರಿ, ಹಾಲು, ರೊಟ್ಟಿ ಅಲ್ಲೇ ಕೊಳ್ಳೋಣ, ಬೇಯಿಸ್ಕೊಂಡು ತಿನ್ನೋಣ.

ಬಂದ ಮೊದಲ ರಿಪ್ಲೈ: "ಗುರು, ನಾವೇನ್ ಕಾಶಿಯಾತ್ರೆ ಬಸ್ಸಾ?" ಅದರ ಕೆಳಗೆ ಸಾಲಾಗಿ ನಗೋ ಎಮೋಜಿ.

ಹೌದು ಮಗಾ. ಕಾಶಿಯಾತ್ರೆ ಬಸ್ಸೇ. ಅದ್ರಲ್ಲಿ ನಗೋಕೆ ಏನಿದೆ ಅಂತ ಹೇಳಿ.

2/10
ನಗೋ ಎಮೋಜಿ ಹಾಕಿದೋರ ಸ್ಟೋರಿನೇ ತೆಗೆದು ನೋಡಿ. ಬೆಳಗ್ಗೆ ಒಂದು ವ್ಯಾನ್‌ಲೈಫ್ ರೀಲ್, ರಾತ್ರಿ ಒಂದು. ಯಾರೋ ಗಂಡ ಹೆಂಡತಿ, ಒಂದು ನಾಯಿ, ಒಂದು ಮೋಟರ್‌ಹೋಮ್. ಹಿಂದೆ ಸಮುದ್ರ. ಮುಂದೆ ಎರಡು ಬರ್ನರ್ ಸ್ಟೌವ್ ಮೇಲೆ ಸಣ್ಣ ಬಾಣಲೆ, ಅದ್ರಲ್ಲಿ ಕಡಲೆಕಾಳು, ಟೊಮೆಟೊ. ಮೇಲೆ ಬರಹ: ಇಡೀ ವಾರದ ನಮ್ಮ ಊಟದ ಖರ್ಚು ಐವತ್ತು ಯೂರೋ. ಅದನ್ನ ನೀವು ಸೇವ್ ಮಾಡ್ಕೊಳ್ತೀರ, "ಲೈಫ್ ಗೋಲ್ಸ್" ಅಂತ ಬರೀತೀರ.

ಆ ಹ್ಯಾಶ್‌ಟ್ಯಾಗನ್ನ 2011ರಲ್ಲಿ ಶುರು ಮಾಡಿದ್ದು ಫಾಸ್ಟರ್ ಹಂಟಿಂಗ್ಟನ್ ಅನ್ನೋ ಅಮೆರಿಕದವರು. ನ್ಯೂಯಾರ್ಕಲ್ಲಿ ದೊಡ್ಡ ಬಟ್ಟೆ ಕಂಪನಿಯ ಡಿಸೈನ್ ಕೆಲಸ ಬಿಟ್ಟು ವ್ಯಾನಲ್ಲಿ ಇರೋಕೆ ಹೋದೋರು. ಸಂತೋಷ, ಅವರ ಇಷ್ಟ. ನನ್ನ ತಕರಾರು ಅವರ ಮೇಲಿಲ್ಲ. ಆ ರೀಲಲ್ಲಿ ಅವರು ಮಾಡ್ತಿರೋದು ಏನು ಅಂತ ನೀವು ಸರಿಯಾಗಿ ನೋಡ್ತಿಲ್ಲ, ಅದೇ ನನ್ನ ತಕರಾರು. ಗಾಡಿ ನಿಲ್ಲಿಸ್ಕೊಂಡು ಪಕ್ಕದಲ್ಲಿ ಒಲೆ ಹಚ್ಚಿ, ಅಲ್ಲಿನ ಮಾರ್ಕೆಟಲ್ಲಿ ಕೊಂಡ ತರಕಾರಿ ಹೆಚ್ಚಿ, ಹೋಟೆಲ್ ದುಡ್ಡು ಉಳಿಸ್ತಿದಾರೆ. ನಮ್ಮೂರಿನ ಅಜ್ಜಿಯಂದಿರ ಬಸ್ಸಲ್ಲಿ ನಡೆಯೋದೂ ಇದೇ. ಸಮುದ್ರ ಇಲ್ಲ, ನಾಯಿ ಇಲ್ಲ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇಲ್ಲ ಅಷ್ಟೇ.

3/10
ಸರಿ, ಅವರು ಹೇಗೆ ಕೊಳ್ತಾರೆ ಅಂತ ನೋಡೋಣ. ಕಲಿಯೋದಿದೆ, ಇಲ್ಲ ಅನ್ನಲ್ಲ.

ಮೋಟರ್‌ಹೋಮಲ್ಲಿ ತಿಂಗಳುಗಟ್ಟಲೆ ಇರೋರಿಗೆ ದೊಡ್ಡ ತೊಂದರೆ ಜಾಗ. ಫ್ರಿಡ್ಜ್ ಸಣ್ಣದು, ಕಪಾಟು ಸಣ್ಣದು. ಹಾಗಾಗಿ "ಹೋಲ್‌ಸೇಲಲ್ಲಿ ತಗೊಂಡ್ರೆ ಅಗ್ಗ" ಅನ್ನೋ ಸಲಹೆ ಅವರಿಗೆ ನಡೆಯಲ್ಲ. ಅಕ್ಕಿ, ಪಾಸ್ಟಾ, ಬೇಳೆ, ಎಣ್ಣೆ ಥರ ಕೆಡದೇ ಇರೋದನ್ನ ಮಾತ್ರ ಸ್ವಲ್ಪ ಹೆಚ್ಚು ಇಟ್ಕೊಂಡು, ಮಿಕ್ಕಿದ್ದನ್ನ ಎರಡು ಮೂರು ದಿನಕ್ಕೊಮ್ಮೆ ಕೊಳ್ತಾರೆ. ಆಲ್ಡಿ, ಲಿಡ್ಲ್ ಅಂತ ಜರ್ಮನಿಯ ಎರಡು ಅಗ್ಗದ ಅಂಗಡಿ ಸರಣಿ ಇವೆ, ಯೂರೋಪಿನ ಎಷ್ಟೋ ದೇಶದಲ್ಲಿ ಸಿಗ್ತವೆ, ಅಲ್ಲಿಗೆ ಹೋಗ್ತಾರೆ. ಶೆಲ್ಫ್ ಮೇಲೆ ಪ್ಯಾಕೆಟ್ ರೇಟಿನ ಜೊತೆ ಕೆಜಿಗೆ ಎಷ್ಟು, ಲೀಟರಿಗೆ ಎಷ್ಟು ಅಂತ ಬರೆದಿರಲೇಬೇಕು, 1998ರಿಂದ ಯೂರೋಪಿಯನ್ ಯೂನಿಯನ್‌ನಲ್ಲಿ ಅದಕ್ಕೆ ನಿಯಮ ಇದೆ. ಅವರು ನೋಡೋದು ಆ ಸಣ್ಣ ಅಕ್ಷರನ. ಜರ್ಮನಿಯಲ್ಲಿ ನೀರಿನ ಬಾಟ್ಲಿಗೆ 25 ಸೆಂಟ್ ಡೆಪಾಸಿಟ್, ಖಾಲಿ ಬಾಟ್ಲಿ ಮಷೀನಿಗೆ ಹಾಕಿ ಅದನ್ನ ವಾಪಸ್ ತಗೊಳ್ತಾರೆ. ಚಳಿಗಾಲಕ್ಕೆ ಸ್ಪೇನ್, ಮೊರಾಕ್ಕೋ ಕಡೆ ಇಳಿದೋರು ವಾರದ ಸಂತೆ ಹುಡ್ಕೊಂಡು ಹೋಗ್ತಾರೆ. ಮೊರಾಕ್ಕೋದಲ್ಲಿ ಸಂತೆಗೆ ಸೂಕ್ ಅಂತಾರೆ. ಇಂಗ್ಲಿಷ್ ರೀಲಲ್ಲಿ ಅದು "ಲೋಕಲ್ ಸೂಕ್" ಆದ್ರೆ ಚೆಂದ, ನಮ್ಮಮ್ಮ ಸಂತೆಗೆ ಹೋದ್ರೆ ಬರೀ ಸಂತೆ.

ಒಂದು ತಮಾಷೆ. ಬ್ರಿಟನ್ ಯೂರೋಪಿಯನ್ ಯೂನಿಯನ್ನಿಂದ ಹೊರಗೆ ಬಂದ್ಮೇಲೆ ಅಲ್ಲಿಂದ ಮಾಂಸ, ಹಾಲಿನ ಪದಾರ್ಥ ಗಡಿ ದಾಟಿಸೋ ಹಾಗಿಲ್ಲ. 2021ರ ಜನವರಿಯಲ್ಲಿ ನೆದರ್ಲೆಂಡ್ಸ್ ಕಸ್ಟಮ್ಸ್‌ನವರು ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ಕೊಂಡಿದ್ದು ದೊಡ್ಡ ಸುದ್ದಿ ಆಗಿತ್ತು. ಬುತ್ತಿ ಕಟ್ಕೊಂಡು ಹೋಗೋದು ನಮ್ಮ ಹಳ್ಳಿಯೋರ ಚಟ ಮಾತ್ರ ಅಂದ್ಕೊಂಡಿದ್ರಾ?

4/10
ಈಗ ಕಾಶಿ ಬಸ್. (ಫೋಟೋದಲ್ಲಿ ಎಡಗಡೆಯಿಂದ ಮೂರನೇದು ನಮ್ಮಜ್ಜಿ. ಕೈಲಿರೋದು ಸೌಟು.)

2012ರಲ್ಲಿ, ರಾಗಿ ಕೊಯ್ಲು ಮುಗಿದ್ಮೇಲೆ ಬಿಕ್ಕೋಡು ಸುತ್ತಮುತ್ತಲಿನ ಐವತ್ತು ಜನ ಒಂದು ಬಸ್ ಮಾಡ್ಕೊಂಡು ಹೋಗಿದ್ರು. 18 ದಿನ. ಟಾಪ್ ಮೇಲೆ ಅಕ್ಕಿ ಮೂಟೆ, ರವೆ, ಅವಲಕ್ಕಿ, ತೆಂಗಿನಕಾಯಿ, ಬೆಲ್ಲ, ಹುಣಸೆಹಣ್ಣು, ಪಾತ್ರೆ. ಒಳಗೆ ಸೀಟಿನ ಕೆಳಗೆ ಸಾರಿನ ಪುಡಿ, ಉಪ್ಪಿನಕಾಯಿ, ಹುರಿಹಿಟ್ಟು. ಕಡ್ಲೆಕಾಯಿ ಎಣ್ಣೆ ಟಿನ್ ಇಲ್ಲಿಂದಲೇ ಹೊತ್ಕೊಂಡು ಹೋಗಿದ್ರು. ಉತ್ತರದಲ್ಲಿ ಸಾಸಿವೆ ಎಣ್ಣೆ, ಅದರ ವಾಸನೆಗೆ ಇವರಿಗೆ ಊಟ ಸೇರಲ್ಲ. ಅಲ್ಲಿ ಕೊಂಡಿದ್ದು ಹಾಲು, ಮೊಸರು, ತರಕಾರಿ ಮಾತ್ರ. ಉತ್ತರ ಪ್ರದೇಶ ದಾಟೋವರೆಗೂ ದಿನಾ ಆಲೂಗಡ್ಡೆ ಪಲ್ಯ ಅಂತೆ. ದೇಶದಲ್ಲೇ ಜಾಸ್ತಿ ಆಲೂಗಡ್ಡೆ ಬೆಳೆಯೋ ರಾಜ್ಯ ಅದು, ಅಲ್ಲಿ ಹೋಗಿ ಬೀನ್ಸ್ ಕೇಳಿದ್ರೆ ದುಡ್ಡು ದಂಡ. ನಮ್ಮ ಹಾಸನನೂ ಆಲೂಗಡ್ಡೆ ಜಿಲ್ಲೆನೇ, ಅಜ್ಜಿಗೆ ಗಡ್ಡೆ ಒತ್ತಿ ನೋಡಿ ಹಳೇದು ಹೊಸದು ಹೇಳೋಕೆ ಬರ್ತಿತ್ತು.

ಅಜ್ಜಿಗೆ ಬರ್ತಿದ್ದ ಹಿಂದಿ "ಕಿತ್ನಾ" ಒಂದೇ. ಮಿಕ್ಕಿದ್ದೆಲ್ಲಾ ಬೆರಳು. ಅವನು ಐದು ಬೆರಳು ತೋರಿಸಿದ್ರೆ ಇವರು ಮೂರು ತೋರಿಸೋದು, ಅವನು ತಲೆ ಆಡಿಸಿದ್ರೆ ಇವರು ನಡೆಯೋದು, ಅವನೇ ಕರೆಯೋದು.

ದಿನಸಿ ಯಾವುದು ಹೊತ್ಕೊಂಡು ಹೋಗ್ಬೇಕು, ಯಾವುದು ಅಲ್ಲೇ ಕೊಳ್ಬೇಕು, ಯಾವ ಊರಲ್ಲಿ ಯಾವುದು ಅಗ್ಗ, ಎಷ್ಟು ದಿನಕ್ಕೆ ಎಷ್ಟು ಸಾಕು. ಇದನ್ನ ನಮಗೆ ಇನ್ವೆಂಟರಿ ಮ್ಯಾನೇಜ್ಮೆಂಟ್ ಅಂತ ಒಂದು ಚಾಪ್ಟರ್ ಇಟ್ಟು, ಹತ್ತು ಮಾರ್ಕ್ಸಿಗೆ ಕೇಳ್ತಾರೆ. ಬರೆದು ಪಾಸಾದೋರೇ ನಮ್ಮಜ್ಜಿ ಬಸ್ ನೋಡಿ ನಗ್ತಿರೋದು.

5/10
ಡಿಸೆಂಬರಲ್ಲಿ ಬೇಲೂರು, ಹಳೇಬೀಡಲ್ಲಿ ಒಂದು ದಿನ ನಿಂತು ನೋಡಿ. ಸ್ಕೂಲ್ ಮಕ್ಕಳ ಟೂರ್ ಬಸ್, ಅಯ್ಯಪ್ಪ ಮಾಲೆ ಹಾಕಿದೋರ ಗಾಡಿ, ಉತ್ತರ ಕರ್ನಾಟಕದ ಕಡೆಯಿಂದ ಮನೆಮಂದಿಯೆಲ್ಲಾ ಬಂದ ಟೆಂಪೋ. ಊರ ಹೊರಗೆ ಮರದ ಕೆಳಗೆ ಒಲೆ, ಚಿತ್ರಾನ್ನ, ಇಲ್ಲಾ ಬಿಸಿಬೇಳೆಬಾತ್. ಮಕ್ಕಳು ಸಾಲಾಗಿ ಕೂತು ತಿಂತಿರ್ತಾರೆ. ಶಿವರಾತ್ರಿ ಹೊತ್ತಿಗೆ ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗೋರದ್ದೂ ಹೀಗೇ.

2023ರ ಸೆಪ್ಟೆಂಬರ್ 18ಕ್ಕೆ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ್ವು. ನಾವೆಲ್ಲಾ ಸ್ಟೋರಿ ಹಾಕಿದ್ವಿ. ಆಮೇಲಿಂದ ನಮ್ಮವರ ಬಾಯಲ್ಲಿ ಒಂದು ಹೊಸ ಮಾತು ಕೇಳ್ತಿದೀನಿ: "ಇನ್ಮೇಲೆ ಒಳ್ಳೇ ಟೂರಿಸ್ಟ್ ಬರ್ತಾರೆ." ಒಳ್ಳೇ ಟೂರಿಸ್ಟ್ ಅಂದ್ರೆ ಯಾರು? ಹೋಟೆಲಲ್ಲಿ ತಿಂದು ಹೋಗೋರು. ಹಾಗಾದ್ರೆ ಕೆಟ್ಟ ಟೂರಿಸ್ಟ್ ಯಾರು? ಚಿತ್ರಾನ್ನ ತಿಂತಿರೋ ಆ ಮಕ್ಕಳಾ?

ಆ ಬಸ್ಸಿನೋರು ಬೇಲೂರಲ್ಲಿ ಏನೂ ಕೊಳ್ಳಲ್ಲ ಅನ್ನೋದೂ ಸುಳ್ಳು. ಟೊಮೆಟೊ, ಕೊತ್ತಂಬರಿ, ಹಸಿಮೆಣಸಿನಕಾಯಿ, ಹಾಲಿನ ಪ್ಯಾಕೆಟ್, ಬಾಳೆಹಣ್ಣು, ಎಲೆ ಅಡಿಕೆ. ಆ ದುಡ್ಡು ಹೋಗೋದು ಗಾಡಿಯಲ್ಲಿ ತರಕಾರಿ ಮಾರೋ ಹೆಂಗಸರಿಗೆ. ಹೋಟೆಲ್ ಬಿಲ್ಲಿನ ಹಾಗೆ ಅದು ಯಾರ ರಿಜಿಸ್ಟರಲ್ಲೂ ಕಾಣಲ್ಲ, ಅದಕ್ಕೆ ನಿಮಗೆ ಕಾಣ್ತಿಲ್ಲ.

6/10
ಇದು ಬರೀ ಮರ್ಯಾದೆ ಪ್ರಶ್ನೆ ಆಗಿದ್ರೆ ನಾನು ಇಷ್ಟು ಉದ್ದ ಬರೀತಿರ್ಲಿಲ್ಲ.

ಕ್ಲಾಸಲ್ಲಿ 46 ಜನ. 6,800 ಅಂತ ಮೆಸೇಜ್ ಬಂದ ದಿನ ಸಂಜೆಯೊಳಗೆ 11 ಜನ ಬರಲ್ಲ ಅಂದ್ರು. ಒಬ್ಬಳಿಗೆ ಅಕ್ಕನ ಮನೆಯಲ್ಲಿ ಫಂಕ್ಷನ್, ಒಬ್ಬನಿಗೆ ಬಸ್ ಆಗಲ್ಲ, ವಾಂತಿ. ಇನ್ನೊಬ್ಬನಿಗೆ "ಹಂಪಿ ನೋಡಿದೀನಿ". ಯಾರೂ ದುಡ್ಡಿಲ್ಲ ಅಂತ ಬರೆಯಲ್ಲ, ಯಾವತ್ತೂ ಬರೆಯಲ್ಲ. ನಮ್ಮ ಕಡೆ ಕಾಫಿ ತೋಟದ ಕೂಲಿಯಲ್ಲಿ 2,500 ಅಂದ್ರೆ ಐದಾರು ದಿನದ ಕೆಲಸ. ಅದೂ ಆನೆ ಬಂತು ಅಂತ ತೋಟಕ್ಕೆ ಹೋಗೋದು ನಿಲ್ದೇ ಇದ್ರೆ. ಅಪ್ಪ ಅಮ್ಮ ಇಬ್ಬರ ಕೂಲಿಯಲ್ಲಿ ಮೂರು ಮಕ್ಕಳು ಓದ್ತಿರೋ ಮನೆಗೆ ಹೋಗಿ "ಐದು ದಿನ ಹೋಟೆಲಲ್ಲಿ ತಿನ್ನೋಕೆ 2,500 ಕೊಡಿ" ಅಂತ ಕೇಳೋಕಾಗುತ್ತಾ? ಮಕ್ಕಳು ಕೇಳೋದೇ ಇಲ್ಲ. ಫಂಕ್ಷನ್ ಇದೆ ಅಂತ ಗ್ರೂಪಲ್ಲಿ ಬರೆದು ಸುಮ್ಮನಾಗ್ತಾರೆ.

ಶಕ್ತಿ ಯೋಜನೆ ಬಂದು (2023ರ ಜೂನ್ 11) ನಮ್ಮ ಹುಡುಗಿಯರಿಗೆ ರಾಜ್ಯದೊಳಗೆ ಆರ್ಡಿನರಿ ಸರ್ಕಾರಿ ಬಸ್ ಫ್ರೀ ಆಯ್ತಲ್ಲ, ಆಮೇಲೆ ಅವರೇ ನಾಲ್ಕೈದು ಜನ ಸೇರಿ ಶೃಂಗೇರಿ, ಹೊರನಾಡು ಅಂತ ಓಡಾಡಿದ್ದು ನೋಡಿದೀರ. ಎರಡೂ ಕಡೆ ಊಟನೂ ಫ್ರೀ, ದೇವಸ್ಥಾನದ್ದು. ಆ ಟ್ರಿಪ್ ಆಗಿದ್ದೇ ಬಸ್ಸು, ಊಟ ಎರಡಕ್ಕೂ ಖರ್ಚಿಲ್ಲ ಅಂತ. ಹೋಗೋ ಆಸೆ ಎಲ್ಲರಿಗೂ ಇದೆ. ತಡೀತಿರೋದು ಈ 2,500.

ಸ್ವಾರ್ಥದ ಲೆಕ್ಕವೂ ಹೇಳ್ತೀನಿ. ಬಸ್ ಬಾಡಿಗೆ 1,20,000. ಇಬ್ಬರು ಲೆಕ್ಚರರ್ ಸೇರಿ 48 ಜನ ಹಂಚ್ಕೊಂಡ್ರೆ ತಲೆಗೆ 2,500. 11 ಜನ ಬಿಟ್ರೆ 37ಕ್ಕೆ ಹಂಚ್ಬೇಕು, 3,243 ಆಗುತ್ತೆ. ಫಿಕ್ಸೆಡ್ ಕಾಸ್ಟ್ ಅಂದ್ರೆ ಏನು ಅಂತ ಮೊದಲ ಸೆಮ್‌ನಿಂದ ಓದ್ತಿದೀವಿ ಕಣ್ರೋ. ಅವರನ್ನ ಬಿಟ್ಟು ಹೋದ್ರೆ ಆ 743 ನಿಮ್ಮ ಜೇಬಿಂದಲೇ.

7/10
ಲೆಕ್ಕ. 48 ಜನ, 5 ದಿನ, ಅಂದ್ರೆ 240 ಆಳಿನ ಊಟ. ರೇಟ್ ಎಲ್ಲಾ ನಾನು ಕಳೆದ ವಾರ ಅಂಗಡಿಯಲ್ಲಿ ಕೇಳಿದ್ದು, ಎರಡು ರೂಪಾಯಿ ಆಚೆ ಈಚೆ ಇರ್ಬಹುದು.

ಅಕ್ಕಿ 60 ಕೆಜಿ, 3,300. ತೊಗರಿಬೇಳೆ 15 ಕೆಜಿ, 1,950. ತಿಂಡಿಗೆ ರವೆ, ಅವಲಕ್ಕಿ 24 ಕೆಜಿ, 1,200. ತರಕಾರಿ ದಿನಕ್ಕೆ ಹತ್ತು ಕೆಜಿ ಲೆಕ್ಕ. ಹಾಲು ಮೊಸರು 60 ಲೀಟರ್, 3,000. ಎರಡು ಹೊತ್ತಿಗೆ ಜೋಳದ ರೊಟ್ಟಿ, ತಲೆಗೆ ಮೂರರಂತೆ 288 ರೊಟ್ಟಿ, 2,880. ಒಂದು ರಾತ್ರಿ ಚಿಕನ್ 12 ಕೆಜಿ, 3,000 (ವೆಜ್‌ನವರಿಗೆ ಬೇರೆ ಪಾತ್ರೆ, ಬೇರೆ ಸೌಟು, ಗಲಾಟೆ ಬೇಡ). ದಿನಾ ತಲೆಗೊಂದು ಬಾಳೆಹಣ್ಣು. ಎಣ್ಣೆ, ಕಾಯಿ, ಪುಡಿ, ಬೆಲ್ಲ, ಕಾಫಿ, ಸಕ್ಕರೆ ಎಲ್ಲಾ ಸೇರಿ ಸಾಮಾನು 24,800.

ನೀರು. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಟ್ರಾವೆಲ್ಸ್‌ನವರ 2,500ರಲ್ಲೂ ನೀರು ಇಲ್ಲ, ಕೇಳಿ ನೋಡಿ. ತಲೆಗೆ ಮೂರು ಲೀಟರ್ ಅಂದ್ರೆ ದಿನಕ್ಕೆ 144 ಲೀಟರ್. ಇಪ್ಪತ್ತರ ಬಾಟ್ಲಿ ತಗೊಂಡ್ರೆ ದಿನಕ್ಕೆ 2,880. ಇಪ್ಪತ್ತು ಲೀಟರ್ ಕ್ಯಾನ್ ಐವತ್ತು ರೂಪಾಯಿಯಂತೆ ಎಂಟು ತಗೊಂಡ್ರೆ 400. ಐದು ದಿನಕ್ಕೆ 2,000.

ಅಡುಗೆಯವರು ಒಬ್ಬರು, ಸಹಾಯಕ್ಕೆ ಒಬ್ಬರು, ಐದು ದಿನಕ್ಕೆ 15,000. ಉಳ್ಕೊಳೋ ಕಡೆ ಅಡುಗೆಮನೆ, ಗ್ಯಾಸ್‌ಗೆ ರಾತ್ರಿಗೆ 1,500ರಂತೆ ನಾಲ್ಕು ರಾತ್ರಿ, 6,000. ಪಾತ್ರೆ ಬಾಡಿಗೆ 3,000. ಒಟ್ಟು 50,800. ಅಡುಗೆಯವರ, ಡ್ರೈವರಣ್ಣನ ಊಟ, ಚೆಲ್ಲಿದ್ದು, ಬೆಂದಿದ್ದು ಹೆಚ್ಚು ಆಗಿದ್ದು ಅಂತ ಹತ್ತು ಪರ್ಸೆಂಟ್ ಸೇರಿಸಿ. 55,880.

ತಲೆಗೆ 1,165. ನೀರೂ ಸೇರಿ. ದಿನಕ್ಕೆ 233 ರೂಪಾಯಿಗೆ ತಿಂಡಿ, ಎರಡು ಊಟ, ಎರಡು ಕಾಫಿ, ಬಾಳೆಹಣ್ಣು. ಒಬ್ಬೊಬ್ಬರಿಗೆ 1,335 ಉಳಿತು. ಇದ್ರಲ್ಲಿ ಯಾವ ಸಾಲು ತಪ್ಪು ಅಂತ ತೋರಿಸಿ, ತಿದ್ದೋಣ. "ಚೀಪ್" ಅನ್ನೋದು ಲೆಕ್ಕಕ್ಕೆ ಉತ್ತರ ಅಲ್ಲ.

8/10
ಎಲ್ಲಿ ಏನು ಕೊಳ್ಳೋದು.

ಅಕ್ಕಿ, ಬೇಳೆ ಇಲ್ಲಿಂದ. ಲೇಬಲ್ ಹಾಕಿರೋ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ 2022ರ ಜುಲೈ 18ರಿಂದ 5% ಜಿಎಸ್‌ಟಿ. ಅಂಗಡಿಗಳಲ್ಲಿ 26 ಕೆಜಿ ಮೂಟೆ ಯಾಕೆ ಬಂತು ಅಂತ ಯಾರಾದ್ರೂ ಯೋಚನೆ ಮಾಡಿದೀರಾ? ಇದಕ್ಕೇ. 26ರ ಎರಡು ಮೂಟೆ, ಉಳಿದ ಎಂಟು ಕೆಜಿ ಸಡಿಲ ಅಕ್ಕಿ, ತೂಕ ಮಾಡಿಸಿ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮನೆಯದ್ದೇ, ಆರು ಜನರ ಮನೆಯಲ್ಲಿ ಒಪ್ಪಿದಾರೆ. ಕಾಯಿ ಅರಸೀಕೆರೆಯಲ್ಲಿ. ಹೇಗೂ ಅದೇ ದಾರಿ, ತೆಂಗಿನ ಸೀಮೆ ದಾಟಿ ಹೋಗಿ ಹೊಸಪೇಟೆಯಲ್ಲಿ ಕಾಯಿ ಕೊಳ್ಳೋದು ಯಾವ ಬುದ್ಧಿ?

ಹೊಸಪೇಟೆ, ಕಮಲಾಪುರ ಕಡೆ ಬಾಳೆಹಣ್ಣು. ಬಾದಾಮಿಯಲ್ಲಿ ರೊಟ್ಟಿ. ಬನಶಂಕರಿ ದೇವಸ್ಥಾನದ ಹತ್ರ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ಇಟ್ಕೊಂಡು ಕೂತಿರ್ತಾರೆ. ಒಂದು ಹೊತ್ತಿನ ರೊಟ್ಟಿ ಅವರ ಹತ್ರವೇ, ಬಿಸಿದು. ಇನ್ನೊಂದು ಹೊತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ, ಫ್ರಿಡ್ಜ್ ಬೇಡ, ಬಿಸಿ ಮಾಡೋದು ಬೇಡ. ಆ ಮೋಟರ್‌ಹೋಮ್‌ನವರಿಗೆ ಯಾರಾದ್ರೂ ಒಂದು ಕಟ್ಟು ಕಳಿಸ್ಬೇಕು.

ಮಧ್ಯಾಹ್ನಕ್ಕೆ ಬುತ್ತಿ. ಬೆಳಗ್ಗೆ ಬಿಸಿ ಅನ್ನಕ್ಕೆ ಹಾಲು ಜಾಸ್ತಿ, ಹೆಪ್ಪಿಗೆ ಆಗೋವಷ್ಟು ಮಾತ್ರ ಮೊಸರು ಹಾಕಿ ಕಲಸಿಟ್ರೆ ಮಧ್ಯಾಹ್ನದ ಹೊತ್ತಿಗೆ ಮೊಸರನ್ನ ಆಗಿರುತ್ತೆ, ಹುಳಿ ಬರಲ್ಲ. ಅನ್ನ ತೀರಾ ಬಿಸಿ ಇರಬಾರ್ದು ಅಷ್ಟೇ. ಇದು ನಿಮ್ಮ ಅಮ್ಮಂದಿರಿಗೆಲ್ಲಾ ಗೊತ್ತು.

ಪ್ಯಾಕೆಟ್ ತಗೊಳೋದಾದ್ರೆ ಎಂಆರ್‌ಪಿ ಪಕ್ಕ ಯೂನಿಟ್ ಸೇಲ್ ಪ್ರೈಸ್ ಅಂತ ಇರುತ್ತೆ, ಗ್ರಾಮಿಗೆ ಎಷ್ಟು ಅಂತ. ನಮ್ಮಲ್ಲೂ ಬಂದಿದೆ. ಹತ್ತು ರೂಪಾಯಿ ಪ್ಯಾಕ್ ನಾಲ್ಕು ತಗೊಳೋದಕ್ಕೂ ದೊಡ್ಡದು ಒಂದು ತಗೊಳೋದಕ್ಕೂ ಇರೋ ವ್ಯತ್ಯಾಸ ಅಲ್ಲಿ ಕಾಣುತ್ತೆ. ಇನ್ನೊಂದು, ಟೂರಿಸ್ಟ್ ಜಾಗ ಅಂತ ಅಂಗಡಿಯವರು ಬಾಟ್ಲಿಗೆ ಎಂಆರ್‌ಪಿ ಮೇಲೆ ಕೇಳಿದ್ರೆ ಕೊಡೋ ಹಾಗಿಲ್ಲ. ಹೋಟೆಲಲ್ಲಿ ಕೂತು ತಗೊಂಡ್ರೆ ಬೇರೆ, ಅಲ್ಲಿ ಹೆಚ್ಚು ತಗೋಬಹುದು ಅಂತ 2017ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕ್ಯಾನ್ ತಗೊಳ್ಳಿ ಅನ್ನೋದಕ್ಕೆ ಇನ್ನೊಂದು ಕಾರಣ.

9/10
ಬಂದ ಆಕ್ಷೇಪಗಳು. ಕೆಲವು ಸರಿಯಾಗಿವೆ.

"ಗ್ಯಾಸ್ ಡೇಂಜರ್." ನಿಜ. 2023ರ ಆಗಸ್ಟ್ 26ರಂದು ಮಧುರೈ ಸ್ಟೇಷನ್ನಲ್ಲಿ ನಿಂತಿದ್ದ ಯಾತ್ರಿಗಳ ರೈಲು ಬೋಗಿಗೆ ಬೆಂಕಿ ಬಿತ್ತು. ಲಕ್ನೋದಿಂದ ಬಂದೋರು, ಒಳಗೆ ಕದ್ದು ತಂದಿದ್ದ ಸಿಲಿಂಡರ್ ಇತ್ತು, ಟೀ ಮಾಡೋಕೆ ಹಚ್ಚಿದ್ರು. ಒಂಬತ್ತು ಜನ ಸತ್ರು. ಹಾಗಾಗಿ ನಮ್ಮ ಬಸ್ಸಲ್ಲಿ ಸಿಲಿಂಡರ್ ಇರಲ್ಲ, ಒಲೆ ಇರಲ್ಲ, ಸೀಮೆಎಣ್ಣೆ ಇರಲ್ಲ. ಹೊಸಪೇಟೆಯಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಎರಡು ರಾತ್ರಿ, ಅಡುಗೆಮನೆ ಇರೋ ಕಲ್ಯಾಣ ಮಂಟಪದಲ್ಲೇ ಉಳ್ಕೊಳೋದು. ಬೆಳಗ್ಗೆ ತಿಂಡಿ, ಬುತ್ತಿ ಎರಡೂ ಆಗುತ್ತೆ. ರಾತ್ರಿ ಬಂದು ಬಿಸಿ ಊಟ. ಈ ವಿಷಯದಲ್ಲಿ ಚೌಕಾಸಿ ಇಲ್ಲ.

"ಕಸ ಬಿಸಾಕ್ತಾರೆ." ಇದೂ ನಿಜ. ಬೇಲೂರಲ್ಲಿ ಬಸ್ ಹೋದ್ಮೇಲೆ ಥರ್ಮಾಕೋಲ್ ತಟ್ಟೆ ಹಾರಾಡೋದು ನೋಡಿ ನನಗೂ ಉರಿಯುತ್ತೆ. ಅದಕ್ಕೆ ಎಲ್ಲರೂ ಮನೆಯಿಂದ ಸ್ಟೀಲ್ ತಟ್ಟೆ, ಲೋಟ ತರೋದು, ಅವರವರೇ ತೊಳೆಯೋದು. ಸ್ಮಾರಕದ ಆವರಣದೊಳಗೆ ಬುತ್ತಿ ಬಿಚ್ಚೋ ಹಾಗಿಲ್ಲ, ಹೊರಗೆ ಬಂದೇ ತಿನ್ನೋದು.

"ಕೊನೆಗೆ ಹುಡುಗಿಯರ ಕೈಲೇ ಮಾಡಿಸ್ತೀರ." ಇದನ್ನ ಬರೆದಿದ್ದು ನಮ್ಮ ಕ್ಲಾಸಿನ ನಾಲ್ಕು ಹುಡುಗಿಯರು. ಇಡೀ ಜಗಳದಲ್ಲಿ ಬಂದ ಅತಿ ಒಳ್ಳೇ ಪ್ರಶ್ನೆ ಇದೇ. ಆ ಮೋಟರ್‌ಹೋಮ್ ರೀಲಲ್ಲೂ ಗಂಡ ಡ್ರೈವಿಂಗ್ ಸೀಟಲ್ಲಿ, ಹೆಂಡತಿ ಬಾಣಲೆ ಮುಂದೆ, ಗಮನಿಸಿದೀರಾ? ಅದಕ್ಕೇ ಅಡುಗೆಯವರಿಗೆ 15,000 ಇಟ್ಟಿದ್ದು, ಅದನ್ನ ಕಡಿಮೆ ಮಾಡೋಕೆ ಯಾರೂ ಹೇಳ್ಬೇಡಿ. ತರಕಾರಿ ಹೆಚ್ಚೋದು, ಬಡಿಸೋದು ರೋಲ್ ನಂಬರ್ ಪ್ರಕಾರ ದಿನಕ್ಕೆ ಒಂಬತ್ತು, ಹತ್ತು ಜನ, ಹುಡುಗ ಹುಡುಗಿ ಅಂತಿಲ್ಲ. ಮೊದಲ ದಿನ 1ರಿಂದ 9. ಲಿಸ್ಟ್ ಹಾಕಿದ್ದೀನಿ, ಸ್ವೈಪ್ ಮಾಡಿ.

"ಹೋಟೆಲ್‌ನವರೂ ಬದುಕಬೇಕಲ್ಲ." ಬದುಕಲಿ. ಹೋಟೆಲ್ ಇಟ್ಟೋರ ಮಕ್ಕಳು ನಮ್ಮ ಕ್ಲಾಸಲ್ಲೂ ಇದಾರೆ. ಕೈಲಿ ದುಡ್ಡಿದ್ದೋರು ಸಂಜೆ ಹೋಗಿ ಮಿರ್ಚಿ ಭಜಿ ತಿನ್ನಿ, ಟೀ ಕುಡೀರಿ, ಯಾರೂ ತಡೆಯಲ್ಲ. ದುಡ್ಡಿಲ್ಲದೋರು ಮನೆಯಲ್ಲೇ ಉಳ್ಕೊಂಡ್ರೆ ಯಾವ ಹೋಟೆಲ್‌ಗೂ ಒಂದು ಪೈಸೆ ಹೋಗಲ್ಲ.

ಇನ್ನೊಂದು ಗ್ರೂಪಲ್ಲಿ ಬರ್ಲಿಲ್ಲ, ನನಗೆ ಪ್ರೈವೇಟ್ ಆಗಿ ಬಂತು: "ಅಡುಗೆಯವರು ಯಾರು, ಯಾವ ಜನ?" ಹೋಟೆಲಲ್ಲಿ ಬಿರಿಯಾನಿ ಆರ್ಡರ್ ಮಾಡೋ ಮುಂಚೆ ಅಡುಗೆಮನೆಗೆ ಹೋಗಿ ಇದನ್ನ ಕೇಳ್ತೀಯಾ? ನಿನ್ನ ಹೆಸರು ಹಾಕಲ್ಲ. ಆದ್ರೆ ಉತ್ತರ ಎಲ್ಲರ ಮುಂದೆ ಕೊಡ್ತಿದೀನಿ: ಕೈ ತೊಳ್ಕೊಂಡು ಚೆನ್ನಾಗಿ ಅಡುಗೆ ಮಾಡೋ ಜನ.

10/10
ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಲಾಸ್ಟ್ ಪೀರಿಯಡ್ ಆದ್ಮೇಲೆ ಕ್ಲಾಸಲ್ಲೇ ವೋಟಿಂಗ್. ಚೀಟಿ ಹಾಕೋದು, ಕೈ ಎತ್ತೋದು ಬೇಡ ಅಂತ ಸರ್‌ಗೆ ಹೇಳಿ ಒಪ್ಪಿಸಿದೀನಿ. ಕೈ ಎತ್ತೋದಾದ್ರೆ ಏನಾಗುತ್ತೆ ಅಂತ ಗೊತ್ತು, ದುಡ್ಡಿಲ್ಲದೋನೂ ಹೋಟೆಲ್‌ಗೇ ಕೈ ಎತ್ತಿ, ಟೂರಿಗೆ ಮಾತ್ರ ಬರಲ್ಲ.

ಫಂಕ್ಷನ್ ಇರೋರು, ವಾಂತಿ ಆಗೋರು, ಹಂಪಿ ನೋಡಿರೋರು, ನೀವೂ ಬನ್ನಿ. ಬರಲ್ಲ ಅಂತ ಹೆಸರು ಕೊಟ್ಟಿದ್ರೂ ವೋಟ್ ಇದೆ. ಊಟ ಸೇರಿ 5,465 ಆಗುತ್ತೆ, ಎರಡು ಕಂತಲ್ಲಿ ಕೊಡಬಹುದು.

ಪಾಸಾದ್ರೆ ಶನಿವಾರ ಬೇಲೂರಲ್ಲಿ ದಿನಸಿ ಕೊಳ್ಳೋಕೆ ನಾಲ್ಕು ಜನ ಬೇಕು. ಮೂಟೆ ಹೊರೋಕೆ ಇಬ್ಬರು, ಚೌಕಾಸಿಗೆ ಇಬ್ಬರು. ಚೌಕಾಸಿಗೆ ನಾಚಿಕೊಳ್ಳೋರು ಮೂಟೆಗೆ ಬನ್ನಿ. ಸಾರಿನ ಪುಡಿ ಕೊಡ್ತೀನಿ ಅಂದಿರೋ ಆರು ಮನೆಯವರು ಡಬ್ಬಿ ಮೇಲೆ ಹೆಸರು ಬರೀರಿ, ಖಾರ ಎಷ್ಟು ಅಂತಾನೂ ಬರೀರಿ. ಹೋದ ವರ್ಷ ಸೀನಿಯರ್ಸ್ ಬರೆದಿರ್ಲಿಲ್ಲವಂತೆ.

#ಬಿಕ್ಕೋಡು #ಬೇಲೂರು #ಬಿಕಾಂ #ಬುತ್ತಿ #ಕಾಶಿಯಾತ್ರೆಬಸ್